ಹುಸೇನ್ ಸಾಗರದ ದಂಡೆಯಿಂದ ಒಂದು ದೋಣಿಯ ಹುಡುಕಾಟ

ಹೈದರಾಬಾದಿಗೆ ಬಂದ ನೆಂಟರಿಷ್ಟರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿಯೊಂದು ನಮ್ಮ ಮನೆಯಲ್ಲಿ ಬಹುಕಾಲದಿಂದ ಸಿದ್ಧವಾಗಿದೆ. ಬೆಳಿಗ್ಗೆ ಗೋಲ್ಕೊಂಡ, ಮಧ್ಯಾಹ್ನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಇಳಿಹೊತ್ತಿಗೆ ಚಾರ್‌ಮಿನಾರು. ಮರುದಿನ ಸಂಜೆ ಟ್ಯಾಂಕ್ ಬಂಡ್. ಎರಡು ವರ್ಷದ ಹಿಂದೆ ಗಂಗೊಳ್ಳಿಯಿಂದ ನಮ್ಮ ದೊಡ್ಡಪ್ಪ ಬಂದಾಗ ಈ ಪಟ್ಟಿ ಮೊದಲ ಸಾರಿ ಸೋತಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡವೆಂದು ನಾವೇ ಹೋಗಿ ಕರೆತಂದಿದ್ದೆವು. ಎಂಬತ್ತರ ಗಡಿ ದಾಟಿದವರು. ಹುಟ್ಟಿದಂದಿನಿಂದ ಕಡಲಿನ ಮೊರೆತ ಕೇಳುತ್ತ ಬೆಳೆದವರು. ನಾಲ್ಕನೆಯ ಮಹಡಿಯ ನಮ್ಮ ಮನೆಯಲ್ಲಿ ಅವರು ಬೇಸರವೆಂದು ಒಂದು ದಿನವೂ ಹೇಳಲಿಲ್ಲ. ಆದರೆ ಮಾತು ದಿನದಿಂದ ದಿನಕ್ಕೆ ಕಡಮೆಯಾಗುತ್ತ ಬಂತು. ಊಟಕ್ಕೆ ಕರೆದರೆ ಬರುವರು, ಕೇಳಿದರೆ ಉತ್ತರ ಕೊಡುವರು, ಅಷ್ಟೆ.

ಜುಲೈ ತಿಂಗಳ ಒಂದು ಸಂಜೆ ಅವರನ್ನು ಟ್ಯಾಂಕ್ ಬಂಡಿಗೆ ಕರೆದೊಯ್ದೆವು. ಪಡುವಣ ಗಾಳಿ ಜೋರಾಗಿ ಬೀಸುತ್ತಿತ್ತು. ಬುದ್ಧ ವಿಗ್ರಹದ ಆಚೆಗೆ ಇಪ್ಪತ್ತು ಮೂವತ್ತು ಬಿಳಿಯ ಹಾಯಿಗಳು ಒಂದೇ ಕಡೆಗೆ ವಾಲಿಕೊಂಡು ಓಡುತ್ತಿದ್ದವು. ದೊಡ್ಡಪ್ಪ ಕಟ್ಟೆಯ ಕಂಬಿ ಹಿಡಿದು ನಿಂತವರು ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ಆಷಾಢದಲ್ಲಿ ಹಾಯಿ ಬಿಡ್ತ್ರಾ ಇವ್ರು? ತಲೆ ಸಮ ಇತ್ತಾ?" ಎಂದರು. ಮೂರು ವಾರಗಳಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು.

ಅವರ ಸೋಜಿಗಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲಿ ಮುಂಗಾರು ಬಂತೆಂದರೆ ಹಾಯಿಹಡಗುಗಳೆಲ್ಲ ದಡಕ್ಕೆ ಏರಿ ತೆಂಗಿನ ಗರಿಯ ಹೊದಿಕೆಯಡಿ ಮಲಗುತ್ತಿದ್ದವು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆಯೇ ಮತ್ತೆ ನೀರಿಗೆ ಇಳಿಯುವುದು. ಇಲ್ಲಿಯಾದರೋ ಕೆರೆಯ ಮೇಲೆ ಹಾಯಿ ತುಂಬುವಷ್ಟು ಗಾಳಿ ಸಿಗುವುದು ಮುಂಗಾರಿನಲ್ಲಿಯೇ. ಆದುದರಿಂದ ಹೈದರಾಬಾದಿನ ಹಾಯಿದೋಣಿ ಪಂದ್ಯಗಳು ಹೆಚ್ಚಾಗಿ ಜುಲೈ ತಿಂಗಳ ಸುಮಾರಿಗೆ ನಡೆಯುತ್ತವೆ. ಸಿಕಂದರಾಬಾದಿನ ಸೇಲಿಂಗ್ ಕ್ಲಬ್ಬು, ಸೈನ್ಯದ ಇ.ಎಂ.ಇ. ವಿಭಾಗದ ಸಂಘ, ಯಾಟ್ ಕ್ಲಬ್ ಆಫ್ ಹೈದರಾಬಾದ್ ಇವೆಲ್ಲ ಈ ಕೆರೆಯನ್ನೇ ನೆಚ್ಚಿಕೊಂಡಿವೆ. ಕಡಲಿನಿಂದ ನೂರಾರು ಮೈಲಿ ದೂರದ ಊರು ನಾವಿಕರನ್ನು ತಯಾರು ಮಾಡುತ್ತಿದೆ ಎಂದರೆ ಯಾರಿಗೆ ತಾನೆ ಅಚ್ಚರಿಯಾಗದು! ಕೆರೆಯ ವಯಸ್ಸೂ ಸಣ್ಣದಲ್ಲ. ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಶಾ ವಲಿ ಎಂಬವರ ಮೇಲ್ವಿಚಾರಣೆಯಲ್ಲಿ ಇದನ್ನು ಕಟ್ಟಿದರು. ಹೈದರಾಬಾದು ನಗರ ಸ್ಥಾಪನೆಯಾದುದು 1591ರಲ್ಲಿ. ಎಂದ ಮೇಲೆ ಊರಿಗಿಂತ ಕೆರೆಯೇ ಹಿರಿದು.

ಆ ರಾತ್ರಿ ಊಟದ ಹೊತ್ತಿನಲ್ಲಿ ದೊಡ್ಡಪ್ಪ ತಮ್ಮ ತಂದೆಯ ಮಂಜಿಯ ಕಥೆ ಹೇಳಿದರು. ಅರುವತ್ತು ಅಡಿ ಉದ್ದದ ಹಾಯಿಹಡಗು. ಮಂಗಳೂರಿನ ಹಂಚು ತುಂಬಿಕೊಂಡು ಮುಂಬಯಿಯ ಕಡೆಗೆ ಹೋಗುತ್ತಿದ್ದುದು. ಹನ್ನೊಂದು ವರ್ಷದವರಾಗಿದ್ದಾಗ ತಾವೂ ಒಮ್ಮೆ ಹೋದದ್ದು. ಎಂಟನೆಯ ತರಗತಿಯಲ್ಲಿ ಓದುವ ನಮ್ಮ ಮಗ ಬಾಯಿ ತೆರೆದುಕೊಂಡು ಕೇಳಿದ. ಮರುದಿನ ಅವನ ಬೇಡಿಕೆ ಬಂತು. ರಿಮೋಟಿನಿಂದ ನಡೆಸುವ ಹಾಯಿದೋಣಿ ಬೇಕು. ಎರಡು ವರ್ಷ ಹಬ್ಬಕ್ಕೆ ಕೂಡಿಟ್ಟ ಹಣವನ್ನು ಅದಕ್ಕೇ ಹಾಕುತ್ತೇನೆ. ಅಜ್ಜನೂ ತಾನೂ ಸೇರಿ ಮಾಡುತ್ತೇವೆ. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ.

ಇಂಥ ದೋಣಿಯಲ್ಲಿ ಎಂಜಿನು ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಒಡಲಿನೊಳಗೆ ಸರ್ವೊ ಎಂಬ ಎರಡು ಪುಟ್ಟ ಯಂತ್ರಗಳಿರುತ್ತವೆ. ಒಂದು ಚುಕ್ಕಾಣಿಯನ್ನು ತಿರುಗಿಸುತ್ತದೆ. ಇನ್ನೊಂದು ಹಾಯಿಯ ಹಗ್ಗವನ್ನು ಎಳೆಯುತ್ತದೆ, ಸಡಿಲಿಸುತ್ತದೆ. ದೋಣಿಯನ್ನು ಓಡಿಸುವುದು ಗಾಳಿಯೇ. ಹಾಯಿಯನ್ನು ಹರಿದರೆ ಮತ್ತೆ ಹೊಲಿಯಬಹುದು, ಯಂತ್ರ ಕೆಟ್ಟರೆ ಬದಲಾಯಿಸಬಹುದು. ಒಡಲು ಕೆಟ್ಟದ್ದಾದರೆ ಮಾತ್ರ ಉಳಿದುದೆಲ್ಲ ವ್ಯರ್ಥ. ಆದುದರಿಂದ ಹುಡುಕಾಟ ಒಡಲಿನಿಂದಲೇ ಆರಂಭವಾಗಬೇಕು. ಈ ತಿಳಿವಳಿಕೆ ನಮಗೆ ಬಂದದ್ದು ಸ್ವಲ್ಪ ಹಣ ಕಳೆದುಕೊಂಡ ಮೇಲೆ.

ಮೊದಲ ಭಾನುವಾರ ಬೇಗಂ ಬಜಾರಿಗೆ ಹೋದೆವು. ಪಾತ್ರೆ, ಪ್ಲಾಸ್ಟಿಕ್ಕು, ಒಣಹಣ್ಣು, ಬಳೆ, ಆಟಿಕೆ, ಅಲ್ಲಿ ಸಗಟಾಗಿ ಸಿಗದ ವಸ್ತುವಿಲ್ಲ. ಒಂದು ಅಂಗಡಿಯಲ್ಲಿ ಕೆಂಪು ಬಣ್ಣದ ಪ್ಲಾಸ್ಟಿಕ್ ಹಾಯಿದೋಣಿ ಕಣ್ಣಿಗೆ ಬಿತ್ತು. ಚೌಕಾಸಿ ಮಾಡಿ ತಂದೆವು. ನಮ್ಮ ಕಟ್ಟಡದ ಹಿಂಬದಿಯ ಸಿಮೆಂಟು ತೊಟ್ಟಿಯಲ್ಲಿ ತೇಲಿಬಿಟ್ಟರೆ ಹತ್ತು ನಿಮಿಷದಲ್ಲಿ ಹಿಂಬದಿ ಇಳಿಯತೊಡಗಿತು. ಎರಡು ಹೋಳುಗಳನ್ನು ಅಂಟಿಸಿದ ಗೆರೆಯ ಉದ್ದಕ್ಕೂ ನೀರು ಒಸರುತ್ತಿತ್ತು. ದೊಡ್ಡಪ್ಪ ಅದನ್ನು ಎತ್ತಿ, ತಲೆಕೆಳಗು ಮಾಡಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರು. "ಮಾಣಿ, ಇದರ ಬೆನ್ನೇ ಸೊಟ್ಟ. ನೇರ ಹೋಗುದಿಲ್ಲ ಇದು" ಎಂದರು. ನಾವೂ ನೋಡಿದೆವು. ಮೂತಿಯಿಂದ ಹಿಂಬದಿಗೆ ಎಳೆದ ಗೆರೆ ನಡುವಿನಲ್ಲಿ ಬಳುಕಿತ್ತು.

ಎರಡನೆಯ ಭಾನುವಾರ ಕೋಠಿಯ ಗುಜರಾತಿ ಗಲ್ಲಿ. ವಿದ್ಯುತ್ ಬಿಡಿಭಾಗಗಳಿಗೆ ಈ ಗಲ್ಲಿ ಹೆಸರುವಾಸಿ. ರೇಡಿಯೊ ಪೆಟ್ಟಿಗೆ, ಸರ್ವೊ, ಬ್ಯಾಟರಿ ಎಲ್ಲ ಅಲ್ಲಿ ವಿಚಾರಿಸಿದೆವು. ನಾವು ನಮ್ಮೊಳಗೆ ಮಾತಾಡುವುದನ್ನು ಕೇಳಿದ ಅಂಗಡಿಯವರು, "ಬರ್ರಿ, ಕೂಡ್ರಿ. ಯಾ ಊರಿನವ್ರು ನೀವು?" ಎಂದರು. ಬೀದರದ ಕಡೆಯವರು. 1956ರ ತನಕ ಬೀದರ, ಕಲಬುರಗಿ, ರಾಯಚೂರುಗಳಿಗೆಲ್ಲ ಹೈದರಾಬಾದೇ ರಾಜಧಾನಿಯಾಗಿತ್ತಲ್ಲವೆ. ಈ ಊರಿನ ಗಲ್ಲಿಗಳಲ್ಲಿ ಕನ್ನಡ ಕೇಳಿಬರುವುದು ಹೊಸದಲ್ಲ. ಅವರು ಒಂದು ಬೆಲೆಯುಳ್ಳ ಮಾತು ಹೇಳಿದರು. ಈಗಿನ ರೇಡಿಯೊಗಳು 2.4 ಗಿಗಾಹರ್ಟ್ಸಿನವು, ಆ ಅಲೆ ನೀರಿನೊಳಗೆ ಸಾಗುವುದಿಲ್ಲ. ಆದುದರಿಂದ ಆಂಟೆನಾ ನೀರಿನ ಮಟ್ಟಕ್ಕಿಂತ ಸಾಧ್ಯವಾದಷ್ಟು ಮೇಲಿರಬೇಕು. "ಮೊದ್ಲ ದೋಣಿ ಮೈ ನೋಡ್ಕೋರಿ, ಆಮ್ಯಾಲೆ ನನ್ನತ್ರ ಬರ್ರಿ" ಎಂದು ಹೇಳಿ, ಏನನ್ನೂ ಮಾರದೆ ಚಹ ಕುಡಿಸಿ ಕಳುಹಿಸಿದರು.

ಮನೆಗೆ ಬಂದು ಮಗ ಹೊರದೇಶಗಳ ದೋಣಿಗಳ ವಿವರ ಓದಿ ಹೇಳಿದ. ಈ ಆಟಕ್ಕೆ ಲೋಕದಲ್ಲಿ ದೊಡ್ಡ ಪರಂಪರೆಯೇ ಇದೆ. ಅಮೆರಿಕದ ಮಾರ್ಬಲ್‌ಹೆಡ್ ಎಂಬ ಊರಿನ ಹೆಸರು ಹೊತ್ತ 50 ಅಂಗುಲದ ದೋಣಿಗಳು 1930ರ ದಶಕದಿಂದ ನಡೆದುಬಂದಿವೆ. 1988ರಲ್ಲಿ ನಿಯಮ ಪಡೆದ ಒಂದು ಮೀಟರಿನ ಅಂತರರಾಷ್ಟ್ರೀಯ ವರ್ಗ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಒಡಲು ಒಂದು ಮೀಟರಿಗೆ ಮೀರಬಾರದು. ತೂಕ 4 ಕಿಲೋಗ್ರಾಮಿಗೆ ಕಡಮೆಯಾಗಬಾರದು. ಆ ನಾಲ್ಕರಲ್ಲಿ ಎರಡು ಕಿಲೋಗ್ರಾಮಿಗಿಂತ ಹೆಚ್ಚು ಭಾರ ಅಡಿಯ ರೆಕ್ಕೆ ಮತ್ತು ಸೀಸದ ಗುಂಡಿನಲ್ಲಿಯೇ ಇರುತ್ತದೆ. ಒಡಲಿಗೆ ಮರ, ಫೈಬರ್‌ಗ್ಲಾಸ್ ಆಗಬಹುದು, ಬೆಲೆ ಏರಿಸುವ ಕಾರ್ಬನ್ ನಾರು ಆಗದು. ಇನ್ನೂ ಚಿಕ್ಕದು ಬೇಕೆಂದರೆ ಡ್ರಾಗನ್ ಫೋರ್ಸ್ ಎಂಬ 65 ಸೆಂಟಿಮೀಟರಿನ ಸಿದ್ಧ ದೋಣಿಯುಂಟು. ಪೆಟ್ಟಿಗೆಯಲ್ಲಿ ಎಲ್ಲ ಸಾಮಾನೂ ಬರುತ್ತದೆ.

ಮಗನ ಮನಸ್ಸು ಒಂದು ಮೀಟರಿನ ಫೈಬರ್‌ಗ್ಲಾಸ್ ಒಡಲಿನ ಮೇಲೆ ನಿಂತಿತು. ಅದೂ ತಪ್ಪಲ್ಲ. ನೀರನ್ನು ಒತ್ತರಿಸಿಕೊಂಡು ಸಾಗುವ ದೋಣಿಯ ವೇಗ ಅದರ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಮೀಟರಿನದು ಗಂಟೆಗೆ ಸುಮಾರು ನಾಲ್ಕೂವರೆ ಕಿಲೋಮೀಟರು ಓಡಿದರೆ, ಅರುವತ್ತೈದು ಸೆಂಟಿಮೀಟರಿನದು ಮೂರೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಆ ಒಡಲನ್ನು ಹೊರದೇಶದಿಂದ ತರಿಸಿದರೆ ಸಾಗಾಟ, ಸುಂಕ ಸೇರಿ ಅವನ ಹಣವೆಲ್ಲ ಅದಕ್ಕೇ ಮುಗಿಯುತ್ತಿತ್ತು. ಅಷ್ಟರಲ್ಲಿ ದೊಡ್ಡಪ್ಪ ಒಂದು ಹಳೆಯ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕುಳಿತಿದ್ದರು. ತಮ್ಮ ತಂದೆಯ ಮಂಜಿ! ಅಡಿಗೆ ಒಂದು ಸೆಂಟಿಮೀಟರಿನಂತೆ ಅರುವತ್ತು ಸೆಂಟಿಮೀಟರು.

ಹುಡುಗನೂ ಅಜ್ಜನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹಣ ಒಂದೇ ಒಡಲಿಗೆ ಸಾಕಾಗುವಷ್ಟು. ನಾವು ಯಾರ ಪಕ್ಷ ವಹಿಸುವುದೆಂದು ತಿಳಿಯದೆ ಸುಮ್ಮನಾದೆವು. ಮರುದಿನ ಬೆಳಿಗ್ಗೆ ಮಗನೇ, "ಅಜ್ಜ, ಯಾವ ಮರ ಬೇಕು?" ಎಂದು ಕೇಳಿದ.

ಮಂಜಿಗೆ ಕಟ್ಟುತ್ತಿದ್ದ ಗಟ್ಟಿ ಮರ ಇಷ್ಟು ಚಿಕ್ಕ ಒಡಲಿಗೆ ಭಾರ. ಪರದೇಶದವರು ಬಾಲ್ಸಾ ಎಂಬ ಹಗುರ ಮರ ಬಳಸುತ್ತಾರೆ. ನಮ್ಮ ಸುತ್ತಿನಲ್ಲಿಯೂ ಅಂಥದೊಂದಿದೆ. ಕೊಂಡಪಲ್ಲಿ, ನಿರ್ಮಲದ ಬೊಂಬೆಗಳನ್ನು ಪೊಣಿಕಿ ಎಂಬ ಬಿಳಿಯ ಮೆದುಮರದಲ್ಲಿ ಕೊರೆಯುತ್ತಾರೆ. ನಮ್ಮ ಕೊಪ್ಪಳದ ಕಿನ್ನಾಳದವರ ಗೊಂಬೆಯ ಮರವೂ ಹಗುರವೇ. ಪರಿಚಯದ ಬಡಗಿಯೊಬ್ಬರು ಒಣಗಿದ ಪೊಣಿಕಿಯ ತುಂಡುಗಳನ್ನು ತರಿಸಿಕೊಟ್ಟರು. ಅಡ್ಡಪಟ್ಟಿಗಳನ್ನು ಕತ್ತರಿಸಿ, ಅವುಗಳ ಮೇಲೆ ತೆಳು ಹಲಗೆ ಹೊದಿಸಿ, ಒಡಲನ್ನು ಕಟ್ಟಿದ್ದು ದೊಡ್ಡಪ್ಪ. ಅವರ ಕೈ ನಡುಗುತ್ತಿತ್ತು. ಚೂರಿಯನ್ನು ಹುಡುಗ ಹಿಡಿಯುವನು, ಎಲ್ಲಿ ಎಷ್ಟು ಎಂಬುದನ್ನು ಅವರು ಬೆರಳಿನಿಂದ ಸವರಿ ಹೇಳುವರು. ಕಿನ್ನಾಳದವರ ಹಾಗೆ ಹುಣಿಸೆಬೀಜದ ಅಂಟು ಹಾಕೋಣವೆಂದು ನಾವು ನಮ್ಮ ಜಾಣತನ ತೋರಿಸಿದಾಗ ಇಬ್ಬರೂ ನಕ್ಕರು. ನೀರಿಗೆ ಇಳಿಯುವ ವಸ್ತುವಿಗೆ ನೀರಿನಲ್ಲಿ ಕರಗುವ ಅಂಟೆ! ಊರಿನಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದುದನ್ನು ದೊಡ್ಡಪ್ಪ ವಿವರಿಸಿದರು. ಇಲ್ಲಿ ರಾಣಿಗಂಜಿನಿಂದ ತಂದ ಎಪಾಕ್ಸಿಯನ್ನು ಒಳಗೂ ಹೊರಗೂ ಬಳಿದೆವು. ಮೆದುಮರ ನೀರು ಕುಡಿಯುತ್ತದೆ. ಒಳಬದಿಯನ್ನು ಮರೆತವರ ದೋಣಿ ವಾರದೊಳಗೆ ಭಾರವಾಗುತ್ತದೆ.

ಒಂದೂವರೆ ತಿಂಗಳಿಗೆ ಒಡಲು ಮುಗಿಯಿತು. ಏನು ಚೆಲುವು! ಏರಿದ ಮೂತಿ, ತುಂಬಿದ ಹೊಟ್ಟೆ. ತೊಟ್ಟಿಯಲ್ಲಿ ಸೊಗಸಾಗಿ ತೇಲಿತು. ಕೂವೆಮರ ನಿಲ್ಲಿಸಿ, ಹಾಯಿ ಕಟ್ಟಿ, ಮೇಜಿನ ಫ್ಯಾನು ತಂದು ಗಾಳಿ ಬಿಟ್ಟೆವು. ಮಂಜಿ ಮೆಲ್ಲನೆ ವಾಲಿ, ತಡೆಯಿಲ್ಲದೆ ಮಗ್ಗುಲಾಗಿ ಮಲಗಿಬಿಟ್ಟಿತು. ಮೂರು ಸಾರಿ ನೋಡಿದೆವು, ಮೂರು ಸಾರಿಯೂ ಅದೇ ಗತಿ. ಒಳಗೆ ಕಲ್ಲು ಇಟ್ಟರೂ ಮಲಗಿತು. ಇನ್ನಷ್ಟು ಇಟ್ಟರೆ ಅಂಚಿನ ತನಕ ಮುಳುಗಿತು. ದೊಡ್ಡಪ್ಪ ಏನೂ ಹೇಳದೆ ಮೇಲಕ್ಕೆ ಹೋದರು.

ತಪ್ಪು ಅವರದಲ್ಲ, ಲೆಕ್ಕದ್ದು. ಮಗ ಕಾಗದದ ಮೇಲೆ ಬರೆದು ನಮಗೆ ತಿಳಿಸಿದ. ಹಡಗನ್ನು ಮೂವತ್ತು ಪಾಲು ಚಿಕ್ಕದು ಮಾಡಿದರೆ ಹಾಯಿಯ ವಿಸ್ತಾರ ಮೂವತ್ತರ ವರ್ಗದಷ್ಟು, ಎಂದರೆ 900 ಪಾಲು ಕಡಮೆಯಾಗುತ್ತದೆ. ಅದರ ಎತ್ತರವೂ ಮೂವತ್ತು ಪಾಲು ಇಳಿಯುವುದರಿಂದ ದೋಣಿಯನ್ನು ಉರುಳಿಸುವ ಬಲ 27,000 ಪಾಲು ಕಡಮೆ. ಆದರೆ ದೋಣಿಯ ತೂಕವೇ 27,000 ಪಾಲು ಇಳಿದಿರುತ್ತದೆ. ಅದನ್ನು ಮತ್ತೆ ನೆಟ್ಟಗೆ ಎತ್ತುವ ಬಲ 8,10,000 ಪಾಲು ಕುಗ್ಗುತ್ತದೆ. ಗಾಳಿ ಮಾತ್ರ ಅದೇ ಗಾಳಿ, ಅದು ಚಿಕ್ಕದಾಗುವುದಿಲ್ಲ. ಅಂದರೆ ದೊಡ್ಡ ಮಂಜಿಗಿಂತ ಪುಟ್ಟ ಮಂಜಿ ಮೂವತ್ತು ಪಾಲು ನಿರ್ಬಲ. ಈ ಕೊರತೆ ತುಂಬಲೆಂದೇ ಆಟದ ದೋಣಿಗಳಿಗೆ ಅಡಿಯಲ್ಲಿ ಆಳವಾದ ರೆಕ್ಕೆ, ಅದರ ತುದಿಯಲ್ಲಿ ಸೀಸದ ಗುಂಡು.

ಮಗ ಇದನ್ನು ಅಜ್ಜನಿಗೆ ಹೇಳಿದ. "ಮಂಜಿಗೆ ಅಂಥಾದ್ದೆಲ್ಲ ಇರ್ಲಿಲ್ಲ" ಎಂದಷ್ಟೇ ಉತ್ತರ. ಎರಡು ದಿನ ಅವರು ತೊಟ್ಟಿಯ ಕಡೆ ಸುಳಿಯಲಿಲ್ಲ. ಮನೆ ಮತ್ತೆ ಜೂನ್ ತಿಂಗಳಿನ ಹಾಗಾಯಿತು. ಆ ಫೈಬರ್‌ಗ್ಲಾಸ್ ಒಡಲನ್ನು ನಮ್ಮ ಹಣದಿಂದಲೇ ತರಿಸಿ ಮಂಜಿಯನ್ನು ಗಾಜಿನ ಕಪಾಟಿನಲ್ಲಿಟ್ಟರೆ ಹೇಗೆ ಎಂದು ಮನೆಯಾಕೆಯೊಡನೆ ಮಾತಾಡಿಕೊಂಡೆವು. ಹಾಗೆ ಮಾಡಿದರೆ ದೊಡ್ಡಪ್ಪನನ್ನೇ ಕಪಾಟಿನಲ್ಲಿಟ್ಟ ಹಾಗಲ್ಲವೆ ಎಂದು ಆಕೆ ಕೇಳಿದಳು. ಆ ಯೋಚನೆ ಅಲ್ಲಿಗೇ ನಿಂತಿತು.

ಮೂರನೆಯ ಸಂಜೆ ಮತ್ತೆ ಟ್ಯಾಂಕ್ ಬಂಡಿಗೆ ಹೋದೆವು. ಬುದ್ಧನನ್ನು ತೋರಿಸಿ ಆ ವಿಗ್ರಹದ ಕಥೆ ಹೇಳಿದೆವು. ಸುಮಾರು 58 ಅಡಿ ಎತ್ತರದ ಒಂದೇ ಕಲ್ಲಿನ ಮೂರ್ತಿ, ತೂಕ 300 ಟನ್ನಿಗೂ ಮೀರಿದ್ದು. 1990ರ ಮಾರ್ಚ್ 10ರಂದು ಅದನ್ನು ದೊಡ್ಡ ತೆಪ್ಪದ ಮೇಲೆ ಕೆರೆಯ ನಡುವಿನ ಬಂಡೆಗೆ ಸಾಗಿಸುತ್ತಿದ್ದಾಗ ತೆಪ್ಪ ವಾಲಿ ಮೂರ್ತಿ ನೀರುಪಾಲಾಯಿತು. ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಕೆರೆಯ ತಳದಲ್ಲಿ ಮಲಗಿತ್ತು. 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸಿದರು. ದೊಡ್ಡಪ್ಪ ಕೈಮುಗಿದರು. ಸ್ವಲ್ಪ ಹೊತ್ತಿನ ಮೇಲೆ, ತಮಗೆ ತಾವೇ ಹೇಳಿಕೊಳ್ಳುವವರಂತೆ, "ಹಂಚು ಇಳ್ಸಿ ವಾಪಾಸು ಬರುವಾಗ ಅಪ್ಪಯ್ಯ ಮಂಜಿ ಖಾಲಿ ತರ್ತಿರ್ಲಿಲ್ಲ. ಸರಕು ಸಿಕ್ದಿದ್ರೆ ಕಲ್ಲು, ಮರಳು ತುಂಬ್ಸುವುದು. ಅಡಿಯಲ್ಲಿ ಭಾರ ಇಲ್ದಿದ್ರೆ ಮಂಜಿ ನಿಲ್ಲುದಿಲ್ಲ" ಎಂದರು. ಮತ್ತೆ ಮಗನ ಕಡೆ ತಿರುಗಿ, "ಎಷ್ಟು ಭಾರ ಬೇಕಂತೆ ಮಾಣಿ, ನಿನ್ನ ಗುಂಡಿಗೆ?" ಎಂದು ಕೇಳಿದರು.

ಲೆಕ್ಕ ಹೀಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಒಡಲು, ಹಾಯಿ, ಯಂತ್ರಗಳು ಸೇರಿ 1,100 ಗ್ರಾಮು. ಎಳೆದ ಗೆರೆಯ ತನಕ ಒಡಲು ಒತ್ತರಿಸುವ ನೀರು ಎರಡು ಲೀಟರು, ಅಂದರೆ ಒಟ್ಟು ತೂಕ ಎರಡು ಕಿಲೋಗ್ರಾಮು ಆಗಬಹುದು. ಉಳಿದ 900 ಗ್ರಾಮು ಅಡಿಯ ಭಾರಕ್ಕೆ. ಸೀಸ ಕರಗಿಸುವುದು ಮಕ್ಕಳಿರುವ ಮನೆಯಲ್ಲಿ ಆಗದ ಮಾತು; ಅದರ ಹೊಗೆ ವಿಷ. ದೊಡ್ಡಪ್ಪ ಗಂಗೊಳ್ಳಿಗೆ ಫೋನು ಮಾಡಿದರು. ವಾರದಲ್ಲಿ ಒಂದು ಪೊಟ್ಟಣ ಬಂತು. ಬಿಚ್ಚಿ ನೋಡಿದರೆ ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳು! ಅವನ್ನು ಅಚ್ಚಿನೊಳಗೆ ಜೋಡಿಸಿ ಎಪಾಕ್ಸಿ ಸುರಿದು, ಇಪ್ಪತ್ತೈದು ಸೆಂಟಿಮೀಟರು ಆಳದ ರೆಕ್ಕೆಯ ತುದಿಗೆ ಕೂಡಿಸಿದೆವು. ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಸಿದ ಮೇಲೆಯೇ ಇಬ್ಬರಿಗೂ ಊಟ. ಮೇಜಿನ ಫ್ಯಾನಿನ ಪೂರ್ತಿ ಗಾಳಿಗೂ ಈಗ ಮಂಜಿ ವಾಲಿತೇ ಹೊರತು ಮಲಗಲಿಲ್ಲ; ಬೆರಳಿನಿಂದ ಮಲಗಿಸಿದರೂ ತಾನಾಗಿ ಎದ್ದು ನಿಂತಿತು. ಮರುದಿನವೇ ಬೀದರದ ಅಂಗಡಿಯವರಲ್ಲಿಗೆ ಹೋಗಿ ಬಾಕಿ ಸಾಮಾನು ಕೊಂಡೆವು.

ನೀರಿಗೆ ಇಳಿಸಿದ್ದು ಶಂಷಾಬಾದಿನ ಆಚೆ ಬಂಧುಗಳ ತೋಟದ ಹೊಂಡದಲ್ಲಿ. ಹೋಗುವ ದಾರಿಯಲ್ಲಿ ಹಿಮಾಯತ್ ಸಾಗರದ ಏರಿಯ ಮೇಲೆ ನಿಂತು ಬುತ್ತಿ ಬಿಚ್ಚಿದೆವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರದಲ್ಲಿ ಸಾವಿರಾರು ಜನ ಸತ್ತ ಮೇಲೆ ನಿಜಾಮರ ಸರಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲುಗಡೆ ನೀರನ್ನು ತಡೆದು ಹಿಡಿಯಬೇಕೆಂಬ ಅವರ ಸಲಹೆಯ ಫಲವೇ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಈ ಹಿಮಾಯತ್ ಸಾಗರ. ಮೈಸೂರಿನ ಒಬ್ಬರ ಬುದ್ಧಿ ಈ ಊರನ್ನು ಕಾಯುತ್ತಿದೆಯಲ್ಲ ಎಂದು ದೊಡ್ಡಪ್ಪ ಅಣೆಕಟ್ಟಿನ ಕಲ್ಲನ್ನು ಕೈಯಿಂದ ತಟ್ಟಿದರು. ಅದು ಕುಡಿಯುವ ನೀರಿನ ಜಲಾಶಯವೆಂದು ಅಲ್ಲಿ ದೋಣಿ ತೆಗೆಯಲಿಲ್ಲ.

ಹೊಂಡದಲ್ಲಿ ಮಂಜಿ ಓಡಿತು. ತುಂಬಿದ ಹೊಟ್ಟೆಯ ಒಡಲು, ಓಟ ಬಿರುಸಲ್ಲ. ಗಾಳಿಗೆ ಎದುರಾಗಿ ಏರುವುದರಲ್ಲಿ ಪಂದ್ಯದ ದೋಣಿಗಳಿಗೆ ಅದು ಸಾಟಿಯೇ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ತಿರುಗು ಎಂದಲ್ಲಿ ತಿರುಗಿತು, ಬಾ ಎಂದಾಗ ಬಂತು. ಎರಡನೆಯ ಸುತ್ತಿಗೆ ಗಾಳಿ ಸತ್ತು ದೋಣಿ ನಡುನೀರಿನಲ್ಲಿ ನಿಂತಾಗ ಮಗ ಗಾಬರಿಯಿಂದ ಈಜಲು ಅಂಗಿ ಬಿಚ್ಚಿದ. ದೊಡ್ಡಪ್ಪ ಅವನ ಕೈ ಹಿಡಿದು ಕೂರಿಸಿದರು. "ಗಾಳಿ ಬತ್ತು, ಕೂತ್ಕೋ" ಎಂದರು. ಇಪ್ಪತ್ತು ನಿಮಿಷದ ಮೇಲೆ ಬಂತು. ಆಗ ಹುಡುಗ ರಿಮೋಟನ್ನು ಅಜ್ಜನ ಕೈಗೆ ಕೊಟ್ಟ. ಅವರ ಬೆರಳು ಹಿಂದಿನಂತೆಯೇ ನಡುಗುತ್ತಿತ್ತು. ದೋಣಿ ಸ್ವಲ್ಪ ಹಾವಿನ ಹಾಗೆ ಹರಿದು ದಡ ಸೇರಿತು.

ನಮ್ಮ ಸಂಘದ ಬೇರೆ ಮನೆಗಳಲ್ಲಿಯೂ ಮಕ್ಕಳು ಇಂಥ ಆಸೆ ಇಟ್ಟುಕೊಂಡಿರಬಹುದು. ಅವರಿಗಾಗಿ ಕಲಿತದ್ದನ್ನು ಹೇಳುತ್ತೇವೆ. ಒಡಲನ್ನು ಕೊಳ್ಳುವ ಮೊದಲು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿರಿ. ಬೆನ್ನು ಸೊಟ್ಟಗಿದ್ದರೆ ಬಿಟ್ಟುಬಿಡಿರಿ. ಒಳಗೆ ನೀರು ತುಂಬಿ ಒಂದು ಗಂಟೆ ಒಣನೆಲದ ಮೇಲೆ ಇಡಿರಿ, ಒಸರಿದರೆ ತಿಳಿಯುತ್ತದೆ. ರೆಕ್ಕೆಯ ಗೂಡು ಸರಿಯಾಗಿ ನಡುಗೆರೆಯಲ್ಲಿ, ನೆಟ್ಟಗೆ ಇದೆಯೇ ಪರೀಕ್ಷಿಸಿರಿ. ಚುಕ್ಕಾಣಿಯ ಕೊಳವೆಯ ಮೇಲ್ತುದಿ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಲಿ. ಮೊದಲ ದೋಣಿ ಅರುವತ್ತೈದು ಸೆಂಟಿಮೀಟರಿನ ಆಚೀಚೆ ಇದ್ದರೆ ಬಸ್ಸಿನಲ್ಲಿಯೂ ಒಯ್ಯಬಹುದು. ಪಂದ್ಯದ ಮನಸ್ಸಿದ್ದರೆ ಮಾತ್ರ ಒಂದು ಮೀಟರಿನದು. ದೋಣಿ ನಿಂತಲ್ಲಿಗೆ ಮಕ್ಕಳನ್ನು ಈಜಲು ಬಿಡಬೇಡಿರಿ. ದಡ ಆಳವಿಲ್ಲದ, ಪಾಚಿಯಿಲ್ಲದ ನೀರನ್ನೇ ಹುಡುಕಿರಿ.

ಈ ಸಲದ ದೀಪಾವಳಿಗೆ ಒಂದು ಮೀಟರಿನ ಒಡಲು ಕಟ್ಟುವುದೆಂದು ಅಜ್ಜ ಮೊಮ್ಮಗನೊಳಗೆ ನಿರ್ಣಯವಾಗಿದೆ. ನೋಟುಪುಸ್ತಕದಲ್ಲಿ ಹೊಸ ಚಿತ್ರ ಆಗಲೇ ತಯಾರು. ದೊಡ್ಡಪ್ಪ ಈ ಸಾರಿ ಮೊದಲು ಎಳೆದದ್ದು ಅಡಿಯ ರೆಕ್ಕೆಯನ್ನು. ಗಂಗೊಳ್ಳಿಗೆ ಫೋನೂ ಹೋಗಿದೆ. ಗುಂಡು ಎರಡೂವರೆ ಕಿಲೋ ಬೇಕಂತೆ.